ಶತ್ರುವಿಗೆ ಬಹುವಚನ

ಹಗಲು, ನೂರಡಿ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ
ಲಗ್ನಪತ್ರಿಕೆ, ತಿಥಿ ಕಾರ್ಡು, ಪಹಣಿಗೆ ಅರ್ಜಿ.
ರಾತ್ರಿ ಒಂಬತ್ತರ ಮೇಲೆ ಅವೇ ಹತ್ತು ಬೆರಳು:
ಜಪಾನಿನ ಮೂವರು ಮಕ್ಕಳು
ಕಾಲದ ಬಾವಿಗೆ ಹಾರುತ್ತಾರೆ, ನಾನು
ಅವರ ಬಾಯಿಯ ಕೆಳಗೆ ಕನ್ನಡ ಕೂರಿಸುತ್ತೇನೆ.
ಕಾಸು ಬರುವುದಿಲ್ಲ. ನೋಡುವವರು ಒಟ್ಟು ನಲವತ್ತೊಂದು ಜನ,
ಅದರಲ್ಲಿ ಹನ್ನೊಂದು ನಮ್ಮ ಗುತ್ತಲಿನವೇ,
ಆ ಹನ್ನೊಂದರಲ್ಲಿ ಬಾಯಿ ಜೋರು ಅಕ್ಕನ ಮಗ ಚೆಲುವ.

ಕಥೆ ಇಷ್ಟು. ಊರು ಸುಟ್ಟ ರಾತ್ರಿಗೆ
ಮೂವರೂ ಹಿಂದಕ್ಕೆ ಹೋಗುತ್ತಾರೆ, ಬೆಂಕಿ ತಡೆಯಲು.
ಪ್ರತಿ ಸಲವೂ ಅವರಿಗಿಂತ ಮೊದಲೇ ಅಲ್ಲಿ ನಿಂತಿರುತ್ತದೆ
ಮಡಕೆ ಮುಖವಾಡದ ಒಂದು ಆಕೃತಿ.
ಕೆಂಜಿ ಎತ್ತದ ಕತ್ತಿ ಎಲ್ಲಿಗೆ ಬೀಳುತ್ತದೆಂದು ಅದಕ್ಕೆ ಗೊತ್ತು.
ರೆನ್ ಆಡದ ಮಾತಿಗೆ ಉತ್ತರ ಗೊತ್ತು.
ಮಿಯೊಳನ್ನು ಮಾತ್ರ ಮುಟ್ಟುವುದಿಲ್ಲ.
ಎಂಥ ಬಲ ಇದು, ಯಾರ ಕಡೆಯದು?
ಇಪ್ಪತ್ತೆರಡು ಕಂತು ಕಳೆದರೂ ಜಪಾನಿ ಬಾಯಿ ಬಿಡಲಿಲ್ಲ;
ಅಲ್ಲಿ ಕ್ರಿಯಾಪದಕ್ಕೆ ಗಂಡು ಹೆಣ್ಣಿನ ಬಾಲವಿಲ್ಲ.

ನಮ್ಮದಕ್ಕೆ ಇದೆ.
'ಬಂದ' ಅಂತ ಬರೆದರೆ ಸುಳ್ಳು.
'ಬಂದಳು' ಅಂದರೆ ಮೂರನೇ ಕಂತಿನಲ್ಲೇ
ಮುಖವಾಡ ಕಳಚಿ ಕೈಗೆ ಬರುತ್ತದೆ.
'ಬಂತು' ಅಂದರೆ ದೆವ್ವವೋ, ಶಿವಳ್ಳಿ ಬಸ್ಸೋ.
ಶತ್ರು ತಾನೇ ಮಾತಾಡಿದರೆ ಸಲೀಸು:
ಬಂದೆ, ಸುಟ್ಟೆ, ಕಾದೆ.
(ಕಾವಲು ಕಾದದ್ದೋ, ಸುಮ್ಮನೆ ಕಾದದ್ದೋ, ಅದೂ ತಿಳಿಯದು.)
'ನಾನು' ಅಂದವರ ಗುಟ್ಟನ್ನು ಕನ್ನಡ ಹೇಳುವುದಿಲ್ಲ,
ಬೆನ್ನ ಹಿಂದೆ ಆಡಿಕೊಂಡಾಗಲೇ ಸಿಕ್ಕಿಬೀಳುವುದು.
ನಾಲ್ಕು ದಿನ ಕೂತೆ. ಕಡೆಗೆ
'ಬಂದರು' ಎಂದೆ. 'ಹೊಡೆದರು' ಎಂದೆ.
'ಮತ್ತೆ ಅವರೇ!' ಎಂದು ಕೆಂಜಿ ಹಲ್ಲು ಕಡಿದ.

ಮಂಡ್ಯದಲ್ಲಿ ಇಂಥ ಮರ್ಯಾದೆಯನ್ನು ಬಚ್ಚಿಡಲಾಗದು.
ಇಲ್ಲಿ ಮಾದಪ್ಪನಿಗೂ ಏಕವಚನ.
ಚೆಲುವ ಚಾಪೆಯಿಂದ ಎದ್ದು ಬಂದ:
"ಚಿಕ್ಕಿ, ಊರು ಸುಟ್ಟವ್ನಿಗೆ ಅವ್ರು ಇವ್ರು ಅಂತೀಯಲ್ಲ,
ನಿಂಗೇನು ಮಾವ್ನಾ ಅವ್ನು?"
ನಾನು ಸುಮ್ಮನಿದ್ದೆ. ಅವನೂ.
ಆಮೇಲೆ, ಚಾರ್ಜರಿನ ವೈರು ಬೆರಳಿಗೆ ಸುತ್ತುತ್ತ:
"ಗಂಡಸಾಗಿದ್ರೆ 'ಬಂದ' ಅಂತ್ಲೇ ಬರೀತಿದ್ದೆ."
ಇನ್ನೊಂದು ಸುತ್ತು.
"ಮಿಯೊ ಎಡಗೈಲಿ ಅಗುಳಿ ತಗೀತಾಳೆ. ಅವ್ರೂ ಎಡಗೈಲೇ."

ಅವರೂ, ಎಂದ. ಅವನ ಬಾಯಲ್ಲೂ ಬಂದುಬಿಟ್ಟಿತ್ತು.
ಮೂವರು ವೀರರು ಬಾವಿ ಹಾರಿ ಹಾರಿ ಸುಸ್ತಾದ ಗುಟ್ಟನ್ನು
ಒಂದು ಪ್ರತ್ಯಯದ ಜುಟ್ಟು ಹಿಡಿದು ಎಳೆದವನು
ಅರ್ಧವಾರ್ಷಿಕ ಕನ್ನಡದಲ್ಲಿ ಮೂವತ್ತೆಂಟು ತೆಗೆದಿದ್ದ.

ಇವತ್ತು ಇಪ್ಪತ್ತನಾಲ್ಕನೆಯದು. ಮಡಕೆ ಒಡೆಯಿತು.
ಒಳಗೆ ಮಿಯೊ, ಎಪ್ಪತ್ತು ದಾಟಿದವಳು,
ಬೆಂಕಿ ತಡೆದರೆ ಆಮೇಲೇನು ಎಂಬುದನ್ನು
ಒಬ್ಬಳೇ ಬದುಕಿ ನೋಡಿ ಬಂದವಳು.
ಹದಿನಾಲ್ಕರ ಮಿಯೊ ಕತ್ತಿ ಕೆಳಗಿಟ್ಟು, ಕೈ ಚಾಚಿ,
ಒಂದೇ ಒಂದು ಮಾತಾಡುತ್ತಾಳೆ. ಕರೆಯುವ ಮಾತು.
ಬಾ ಅನ್ನಲೇ, ಬನ್ನಿ ಅನ್ನಲೇ?
ತಾನೇ ಅಜ್ಜಿಯಾಗಿ ಎದುರು ನಿಂತರೆ
ತನಗೆ ತಾನು ನೀನೋ, ನೀವೋ?
'ಬಾರೆ' ಅಂದು ನೋಡಿದೆ, ಅಳಿಸಿದೆ.
ಇದಕ್ಕೆ ಚೆಲುವನ ಹತ್ತಿರವೂ ಉತ್ತರವಿಲ್ಲ,
ಬಾಯಿ ತೆರೆದು ಮಲಗಿದ್ದಾನೆ.

ನಡುಮನೆಯಿಂದ ನಮ್ಮಜ್ಜಿ ಜವರಮ್ಮ:
"ನಾಲೆ ಕಡೆಯಿಂದ ಸೊಳ್ಳೆ ಎದ್ದವೆ.
ಬಾಗ್ಲು ಹಾಕ್ಕಂಡು ಒಳಕ್ಕೆ ಬಾರವ್ವ."

ಬಾರವ್ವ.
ಹುಟ್ಟಿದ ಕೂಸಿಗೂ ಅದೇ, ಹೆತ್ತವಳಿಗೂ ಅದೇ.
ಪರದೆಯ ಮೇಲೆ ಒಂದೂವರೆ ಸೆಕೆಂಡು ನಿಲ್ಲುವಂತೆ
ಅಳತೆ ಕೊಟ್ಟು, ಎದ್ದು ಬಾಗಿಲು ಹಾಕಿದೆ.
ಅಗುಳಿ ಯಾವ ಕೈಯಲ್ಲಿ ಹಾಕಿದೆನೋ
ನೋಡಿಕೊಳ್ಳಲಿಲ್ಲ.